ಗೆದ್ದವಳಿಗೆ ಹಾರ, ಗೆಲ್ಲಿಸಿದವರಿಗೆ ಮರೆವು

2021ರ ಜನವರಿಯಲ್ಲಿ ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾದಾಗ ಅದರಲ್ಲಿ ಕೇರಳದ ಓ.ಎಂ. ನಂಬಿಯಾರ್ ಎಂಬ ವೃದ್ಧರ ಹೆಸರೂ ಇತ್ತು. ಪದ್ಮಶ್ರೀ. ಅವರು ಓಟ ಕಲಿಸಿದ ಹುಡುಗಿಗೆ ಇದೇ ಪದ್ಮಶ್ರೀ ಸಿಕ್ಕಿದ್ದು 1985ರಲ್ಲಿ. ಶಿಷ್ಯೆಯನ್ನು ಗುರುತಿಸಿದ ದೇಶಕ್ಕೆ, ಆ ಶಿಷ್ಯೆಯನ್ನು ರೂಪಿಸಿದ ವ್ಯಕ್ತಿಗೆ ಅದೇ ಗೌರವ ಸಲ್ಲಿಸಲು 36 ವರ್ಷಗಳು ಬೇಕಾದುವು. ರಾಷ್ಟ್ರಪತಿ ಭವನದಲ್ಲಿ ಆ ವರ್ಷದ ಪ್ರಶಸ್ತಿ ಪ್ರದಾನ ನಡೆದದ್ದು ನವೆಂಬರ್‌ನಲ್ಲಿ. ನಂಬಿಯಾರ್ ಆಗಸ್ಟ್ 19ರಂದೇ, ತನ್ನ 89ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅವರು ನಿಧನರಾಗುವುದಕ್ಕಿಂತ ಸರಿಯಾಗಿ 12 ದಿನಗಳ ಮೊದಲು ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಭಾರತಕ್ಕೆ ಅಥ್ಲೆಟಿಕ್ಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದಿದ್ದರು. ದೇಶ ಸಂಭ್ರಮದಲ್ಲಿ ಮುಳುಗಿತ್ತು. ಸಂಭ್ರಮಿಸಲಿ, ತಪ್ಪೇನಿಲ್ಲ. ಆದರೆ ಗೆದ್ದವರ ಕೊರಳಿಗೆ ಹಾರ ಹಾಕಲು ಮುಗಿಬೀಳುವ ನಾವು, ಆ ಕೊರಳನ್ನು ಹಾರದವರೆಗೆ ತಲುಪಿಸಿದವರನ್ನು ಯಾಕೆ ಇಷ್ಟು ಸಲೀಸಾಗಿ ಮರೆಯುತ್ತೇವೆ? ಅದರಲ್ಲೂ ಹೆಣ್ಣು ಮಕ್ಕಳಿಗೆ ಆಟ ಕಲಿಸುವವರನ್ನು?

ಪಿ.ಟಿ. ಉಷಾ ಎಂಬ ಹೆಸರನ್ನು ಕೇಳದ ಮನೆ ನಮ್ಮಲ್ಲಿಲ್ಲ. ತರಗತಿಯಲ್ಲಿ ತುಸು ಬಿರುಸಾಗಿ ಓಡುವ ಹುಡುಗಿಗೆ 'ನೀನೇನು ಪಿ.ಟಿ. ಉಷಾಳಾ?' ಎಂದು ಕೇಳದ ಅಧ್ಯಾಪಕರೂ ಬಹುಶಃ ಇಲ್ಲ. ಆದರೆ ನಂಬಿಯಾರ್? ಪೇಟೆಯ ನಾಲ್ಕು ಮಂದಿಯನ್ನು ನಿಲ್ಲಿಸಿ ಕೇಳಿದರೆ ಒಬ್ಬರು ಹೇಳಿದರೆ ಹೆಚ್ಚು.

ಓತಯೋತ್ ಮಾಧವನ್ ನಂಬಿಯಾರ್ ಸ್ವತಃ ಓಟಗಾರರಾಗಿದ್ದರು. ದೇಶವನ್ನು ಪ್ರತಿನಿಧಿಸುವ ಕನಸಿತ್ತು, ಕೈಗೂಡಲಿಲ್ಲ. ವಾಯುಸೇನೆಯಲ್ಲಿ 15 ವರ್ಷ ದುಡಿದರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಡಿಪ್ಲೊಮಾ ಪಡೆದು ಕೇರಳ ಕ್ರೀಡಾ ಮಂಡಳಿ ಸೇರಿದರು. ಸೇನೆಯಿಂದ ಹೊರಬಂದವರಿಗೆ ಬೇರೆ ದಾರಿಗಳು ಇರಲಿಲ್ಲವೆಂದಲ್ಲ. ಆದರೆ ಅವರು ಆಯ್ದುಕೊಂಡದ್ದು ಮೈದಾನವನ್ನು. 1976ರಲ್ಲಿ ಕೇರಳ ಸರಕಾರವು ಕಣ್ಣೂರಿನಲ್ಲಿ ಹೆಣ್ಣು ಮಕ್ಕಳಿಗಾಗಿ ಕ್ರೀಡಾ ವಿಭಾಗವನ್ನು ತೆರೆದಾಗ ಅಲ್ಲಿಗೆ ತರಬೇತುದಾರರಾಗಿ ಬಂದರು. ಒಂದು ಬಹುಮಾನ ವಿತರಣಾ ಸಮಾರಂಭದಲ್ಲಿ ಬಡಕಲು ದೇಹದ, ಆದರೆ ಬಿರುಸಿನ ನಡಿಗೆಯ ಓರ್ವ ಬಾಲಕಿ ಅವರ ಕಣ್ಣಿಗೆ ಬಿದ್ದಳು. ಪಯ್ಯೋಳಿಯವಳು. ಮನೆಯಲ್ಲಿ ಬಡತನ, ಮೈಯಲ್ಲಿ ಅನಾರೋಗ್ಯ. ಹದಿಮೂರೂ ತುಂಬಿರದ ಹುಡುಗಿ.

ಈ ಪ್ರಾಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಹನ್ನೆರಡು-ಹದಿಮೂರು. ನಂಬಿಯಾರ್ ಓರ್ವ ಹುಡುಗಿಯನ್ನು ಮೈದಾನಕ್ಕೆ ಕರೆತಂದ ಪ್ರಾಯವದು. ನಮ್ಮ ಹೆಚ್ಚಿನ ಮನೆಗಳಲ್ಲಿ ಹುಡುಗಿಯನ್ನು ಮೈದಾನದಿಂದ ಮನೆಗೆ ಕರೆತರುವ ಪ್ರಾಯವೂ ಅದುವೇ.

ಆ ಕಾಲದಲ್ಲಿ ಕೇರಳದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇರಲಿಲ್ಲ. ಪಯ್ಯೋಳಿಯ ಕಡಲ ತೀರವೇ ಟ್ರ್ಯಾಕ್, ಮರಳೇ ವ್ಯಾಯಾಮ ಶಾಲೆ. ಸರಕಾರ ಕೊಡುತ್ತಿದ್ದ ವಿದ್ಯಾರ್ಥಿ ವೇತನ ತಿಂಗಳಿಗೆ 250 ರೂಪಾಯಿ. 1980ರಲ್ಲಿ ಹದಿನಾರರ ಹರೆಯದಲ್ಲಿ ಉಷಾ ಮಾಸ್ಕೊ ಒಲಿಂಪಿಕ್ಸ್‌ಗೆ ಹೋದರು. ಮೊದಲ ಸುತ್ತಿನಲ್ಲೇ ಹೊರಬಿದ್ದರು. 1982ರಲ್ಲಿ ದಿಲ್ಲಿಯ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್‌ಗಳಲ್ಲಿ ಬೆಳ್ಳಿ. ಆ ಬಳಿಕ ನಂಬಿಯಾರ್ ಒಂದು ಲೆಕ್ಕ ಹಾಕಿದರು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಅನ್ನು ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿಸಲಾದದ್ದು 1984ರಲ್ಲಿ. ಹೊಸ ಸ್ಪರ್ಧೆ, ಎಲ್ಲರಿಗೂ ಹೊಸತು. 100 ಮೀಟರ್‌ನಲ್ಲಿ ಅಮೆರಿಕದವರನ್ನೂ ಯುರೋಪಿನವರನ್ನೂ ಹಿಂದಿಕ್ಕುವುದು ಕಷ್ಟ, ಆದರೆ ಇಲ್ಲಿ ಬಾಗಿಲು ತೆರೆದಿದೆ ಎಂದವರು ಕಂಡುಕೊಂಡರು. ಓರ್ವ ಉತ್ತಮ ಕೋಚ್ ಮಾಡುವುದು ಇದನ್ನೇ. ಬೆವರು ಸುರಿಸುವುದು ಶಿಷ್ಯೆಯಾದರೂ ಯಾವ ಬಾಗಿಲ ಮುಂದೆ ಸುರಿಸಬೇಕೆಂದು ತೋರಿಸುವುದು ಅವರು.

1984ರ ಆಗಸ್ಟ್ 8. ಲಾಸ್ ಏಂಜಲೀಸ್. ಸೆಮಿಫೈನಲ್‌ನಲ್ಲಿ ಉಷಾ ಮೊದಲಿಗರಾಗಿ ಬಂದಿದ್ದರು. ಫೈನಲ್‌ನಲ್ಲಿ ಮೊದಲ ಆರಂಭ ತಪ್ಪಾಗಿ, ಓಟವನ್ನು ನಿಲ್ಲಿಸಿ ಎರಡನೇ ಬಾರಿ ಬಿಡಲಾಯಿತು. ಲಯ ತಪ್ಪಿತು. ಕೊನೆಗೆ ಉಷಾ ತೆಗೆದುಕೊಂಡ ಸಮಯ 55.42 ಸೆಕೆಂಡ್. ಕಂಚು ಗೆದ್ದ ರುಮೇನಿಯಾದ ಕೊಜೊಕಾರು ತೆಗೆದುಕೊಂಡದ್ದು 55.41. ಒಂದು ಸೆಕೆಂಡಿನ ನೂರನೇ ಒಂದು ಪಾಲು. ಮುಂದಿನ ಕಥೆ ನಮಗೆಲ್ಲ ಕಂಠಪಾಠ. ದೇಶ ಕಣ್ಣೀರು ಹಾಕಿತು.

ನಮಗೆ ಕಂಠಪಾಠವಾಗದ ಒಂದು ವಿಚಾರವೂ ಆ ಓಟದಲ್ಲಿದೆ. ಉಷಾ ನಾಲ್ಕನೆಯವರಾದರು, ಸರಿ. ಮೊದಲನೆಯವರು ಯಾರು?

ನವಾಲ್ ಅಲ್ ಮುತವಕ್ಕಿಲ್. ಮೊರೊಕ್ಕೊದ ಕಾಸಾಬ್ಲಾಂಕಾದವರು. 54.61 ಸೆಕೆಂಡ್. ಒಲಿಂಪಿಕ್ ಚಿನ್ನ ಗೆದ್ದ ಮೊತ್ತಮೊದಲ ಅರಬ್ ಮಹಿಳೆ. ಆ ವರ್ಷ ಮೊರೊಕ್ಕೊ ತಂಡದಲ್ಲಿದ್ದ ಏಕೈಕ ಮಹಿಳೆಯೂ ಅವರೇ. ಮಗಳು ಓಡಬೇಕೆಂದು ಹುರಿದುಂಬಿಸಿದ್ದು ಆಕೆಯ ತಂದೆ. ಮಗಳು ಗೆಲ್ಲುವುದನ್ನು ನೋಡಲು ಅವರು ಬದುಕಿರಲಿಲ್ಲ. ಆಕೆ ಸುಮ್ಮನೆ ಪದಕ ಇಟ್ಟುಕೊಂಡು ಕೂರಲಿಲ್ಲ. ಮುಂದೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು; 2007ರಲ್ಲಿ ತನ್ನ ದೇಶದ ಯುವಜನ ಮತ್ತು ಕ್ರೀಡಾ ಸಚಿವೆಯಾದರು. 1993ರಲ್ಲಿ ಕಾಸಾಬ್ಲಾಂಕಾದ ಬೀದಿಗಳಲ್ಲಿ ಮಹಿಳೆಯರಿಗಾಗಿಯೇ ಒಂದು ಓಟವನ್ನು ಆರಂಭಿಸಿದರು. ಅದರಲ್ಲಿ ಅಜ್ಜಿಯಂದಿರೂ ಓಡುತ್ತಾರೆ, ತಲೆವಸ್ತ್ರ ಧರಿಸಿದವರೂ ಓಡುತ್ತಾರೆ.

ಭಾರತದ ಮುಸ್ಲಿಮರಲ್ಲಿ ಎಷ್ಟು ಮನೆಗಳಲ್ಲಿ ಈ ಹೆಸರು ಗೊತ್ತು? ಮುಸ್ಲಿಮ್ ಮಹಿಳೆ ಹಿಂದುಳಿದವಳು ಎಂದು ಯಾರಾದರೂ ಟೀಕಿಸಿದಾಗ ನಾವು ಸಾವಿರದ ನಾನೂರು ವರ್ಷಗಳ ಹಿಂದಿನ ಉದಾಹರಣೆಗಳನ್ನು ಮುಂದಿಡುತ್ತೇವೆ. ಮುಂದಿಡಬೇಕಾದದ್ದೇ. ಆದರೆ ನಮ್ಮ ಜೀವಿತ ಕಾಲದಲ್ಲೇ, ನಮ್ಮ ದೇಶದ ಹುಡುಗಿ ಓಡಿದ ಅದೇ ಓಟದಲ್ಲೇ ಇದ್ದ ಉದಾಹರಣೆ ನಮಗೆ ಗೊತ್ತಿಲ್ಲವೆಂದರೆ ನಮ್ಮ ಆಸಕ್ತಿ ಉದಾಹರಣೆಗಳಲ್ಲಿದೆಯೋ ವಾದದಲ್ಲಿ ಗೆಲ್ಲುವುದರಲ್ಲಿದೆಯೋ?

ಲಾಸ್ ಏಂಜಲೀಸ್‌ನ ಬಳಿಕ ನಂಬಿಯಾರ್ ಕೈಚೆಲ್ಲಿ ಕೂರಲಿಲ್ಲ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಉಷಾ ಐದು ಚಿನ್ನ, ಒಂದು ಕಂಚು ಗೆದ್ದರು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ಆ ಕ್ರೀಡಾಕೂಟದಲ್ಲಿ ಇಡೀ ಭಾರತ ಗೆದ್ದ ಚಿನ್ನಗಳೇ ಐದು. ಅವುಗಳಲ್ಲಿ ನಾಲ್ಕರಲ್ಲಿ ಉಷಾರ ಪಾಲಿತ್ತು. ನಾಲ್ಕನೆಯದು ರಿಲೇ. ಅದರಲ್ಲಿ ವಲ್ಸಮ್ಮ ಮತ್ತು ಶೈನಿ ಅಬ್ರಹಾಂ ಜೊತೆ ನಮ್ಮ ಕರ್ನಾಟಕದ ವಂದನಾ ರಾವ್ ಕೂಡ ಓಡಿದ್ದರು. ಆ ತಂಡದ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಮೈಲುದ್ದದ ಕರಾವಳಿಯಲ್ಲಿ, ಅದೇ ಮರಳಿನ ಪಕ್ಕದಲ್ಲಿ ನೂರಾರು ವರ್ಷಗಳಿಂದ ಬದುಕುತ್ತಿರುವ ಮುಸ್ಲಿಮರ ಮನೆಯ ಹುಡುಗಿಯೊಬ್ಬಳು ಇಲ್ಲ. ಅವರ ಕಾಲುಗಳಿಗೆ ಶಕ್ತಿ ಕಡಿಮೆಯಿತ್ತೆಂದೇ?

ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಆ ಮೊದಲ ವರ್ಷವೇ ಅದನ್ನು ಪಡೆದ ಮೂವರಲ್ಲಿ ನಂಬಿಯಾರ್ ಒಬ್ಬರು. ಸರಕಾರ ಅವರನ್ನು ಪೂರ್ತಿ ಕಡೆಗಣಿಸಿತೆಂದು ಹೇಳಿದರೆ ಅದು ಸುಳ್ಳಾದೀತು. (ಆ ಪ್ರಶಸ್ತಿಗೆ ಆ ಹೆಸರನ್ನು ಇಟ್ಟವರು ಏಕಲವ್ಯನ ಹೆಬ್ಬೆರಳನ್ನು ಮರೆತಿದ್ದರೋ ಏನೋ! ಬಡವರ ಮನೆಯ ಹುಡುಗಿಯನ್ನು ಹುಡುಕಿ ತಂದು ಕಲಿಸಿದ ನಂಬಿಯಾರ್‌ಗೆ ಆ ಹೆಸರು ಒಪ್ಪುವುದಿಲ್ಲ.) ಆದರೆ ಒಂದು ಪ್ರಶಸ್ತಿ ಕೊಟ್ಟು ಮೂರೂವರೆ ದಶಕ ಸುಮ್ಮನಿರುವುದನ್ನು ಗೌರವ ಎನ್ನಲಾದೀತೇ? ಪದಕಕ್ಕೆ ನಗದು, ನಿವೇಶನ, ಉದ್ಯೋಗ ಘೋಷಿಸುವ ಸರಕಾರಗಳು, ತಾಲೂಕು ಕೇಂದ್ರದಲ್ಲಿ ಬೆಳಿಗ್ಗೆ ಐದೂವರೆಗೆ ಸೀಟಿ ಊದುವ ವ್ಯಕ್ತಿಗೆ ಏನು ಕೊಡುತ್ತವೆ? ದೈಹಿಕ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ. ಶಿಕ್ಷಕರು ಇದ್ದರೂ ಅವರ ಅವಧಿಯನ್ನು ಗಣಿತದವರು ಕಸಿದುಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 100 ಫಲಿತಾಂಶ ಬರಬೇಕಲ್ಲ! ಚುನಾವಣಾ ಪಟ್ಟಿಯಿಂದ ಹಿಡಿದು ಪ್ರತಿಭಾ ಕಾರಂಜಿಯ ಶಾಮಿಯಾನದವರೆಗೆ ಶಾಲೆಯ ಓಡಾಟದ ಕೆಲಸವೆಲ್ಲ ಪಿ.ಟಿ. ಮಾಸ್ಟರ್‌ರ ಹೆಗಲಿಗೆ. ಆಟ ಆಡಿಸುವುದು ಅವರ ಕೊನೆಯ ಕೆಲಸ.

ಸರಕಾರವನ್ನು ಬೈಯುವುದು ಸುಲಭ, ಅದರಿಂದ ಯಾರಿಗೂ ನೋವಾಗುವುದಿಲ್ಲ. ಆದ್ದರಿಂದ ನಮ್ಮ ಮನೆಗೆ ಬರೋಣ.

ನಮ್ಮ ಸಮುದಾಯದ ಹುಡುಗಿಯರು ಇಂದು ಓದುವುದರಲ್ಲಿ ಹಿಂದುಳಿದಿಲ್ಲ. ಫಲಿತಾಂಶ ಬಂದ ದಿನ ಜಮಾಅತ್‌ಗಳು, ಯುವಕ ಸಂಘಗಳು ಪೈಪೋಟಿಯಿಂದ ಅವರನ್ನು ಸನ್ಮಾನಿಸುತ್ತವೆ. ಇಪ್ಪತ್ತೈದು ವರ್ಷಗಳ ಹಿಂದೆ 'ಹೆಣ್ಣು ಮಗಳು ಹತ್ತನೇ ತರಗತಿ ಓದಿ ಏನಾಗಬೇಕು' ಎಂದು ಕೇಳುತ್ತಿದ್ದವರೇ ಇಂದು ಮೊಮ್ಮಗಳ ಅಂಕಪಟ್ಟಿಯನ್ನು ನೆಂಟರಿಗೆ ತೋರಿಸುತ್ತಾರೆ. ಈ ಬದಲಾವಣೆಗೆ ಓರ್ವ ಟೀಚರ್, ಓರ್ವ ಮುಖ್ಯೋಪಾಧ್ಯಾಯರು, ಮನೆಮನೆಗೆ ಹೋಗಿ 'ಈ ಮಗುವನ್ನು ಬಿಡಿಸಬೇಡಿ' ಎಂದು ಕೈಮುಗಿದವರು ಕಾರಣ ಎಂಬುದನ್ನು ಅಲ್ಲಗಳೆಯಲಾಗದು. ಶಿಕ್ಷಣದ ವಿಷಯದಲ್ಲಿ ಸಾಧ್ಯವಾದದ್ದು ದೇಹದ ಆರೋಗ್ಯದ ವಿಷಯದಲ್ಲಿ ಯಾಕೆ ಸಾಧ್ಯವಾಗಲಿಲ್ಲ? ಏಳನೇ ತರಗತಿಯ ತನಕ ಕೊಕ್ಕೋದಲ್ಲಿ ಗಂಡು ಮಕ್ಕಳನ್ನೂ ಮೀರಿಸುತ್ತಿದ್ದ ಹುಡುಗಿ ಎಂಟನೆಯಲ್ಲಿ ಮೈದಾನದ ಅಂಚಿನ ಮರದಡಿಯಲ್ಲಿ ಗೆಳತಿಯರ ಚೀಲ ಕಾಯುತ್ತಾ ಕೂತಿರುತ್ತಾಳೆ. ಯಾರೂ ಆಕೆಗೆ ಜೋರು ಮಾಡಿರುವುದಿಲ್ಲ. 'ಇನ್ನು ಸಾಕು' ಎಂದು ಉಮ್ಮ ಒಮ್ಮೆ ಹೇಳಿರುತ್ತಾರೆ, ಅಷ್ಟೇ.

ಇದರ ಬೆಲೆಯನ್ನು ಆ ಹುಡುಗಿ ಮುಂದಿನ ಐವತ್ತು ವರ್ಷ ತೆರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹರೆಯದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 5ರಿಂದ 17ರ ಪ್ರಾಯದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅಗತ್ಯವೆನ್ನುತ್ತದೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದಲ್ಲಿ ಹದಿಹರೆಯದ ಹುಡುಗಿಯರ ಪೈಕಿ ಶೇ. 85ರಷ್ಟು ಮಂದಿಗೆ ಅಷ್ಟು ಚಟುವಟಿಕೆ ಇರಲಿಲ್ಲ. ಆದ್ದರಿಂದ ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ಆದರೆ ಎಲ್ಲರ ಮನೆಯಲ್ಲೂ ಬೆಂಕಿ ಬಿದ್ದಿದೆ ಎಂದು ನಮ್ಮ ಮನೆಯ ಬೆಂಕಿಯನ್ನು ಆರಿಸದೆ ಇರಲಾಗುತ್ತದೆಯೇ? ನಲ್ವತ್ತರ ಹರೆಯದಲ್ಲೇ ಮೊಣಕಾಲು ಹಿಡಿದುಕೊಂಡು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾ, ಮಹಡಿ ಹತ್ತಲು ಏದುಸಿರು ಬಿಡುವ ತಾಯಂದಿರನ್ನು ನಾವು ನಮ್ಮ ನಮ್ಮ ಮನೆಗಳಲ್ಲೇ ನೋಡುತ್ತಿದ್ದೇವೆ.

'ಧರ್ಮ ಒಪ್ಪುವುದಿಲ್ಲ' ಎನ್ನುವವರಿದ್ದಾರೆ. ಯಾವ ಧರ್ಮ? ಪ್ರವಾದಿ(ಸ)ಯವರು ತಮ್ಮ ಪತ್ನಿ ಆಇಶಾ(ರ)ರ ಜೊತೆ ಓಟದ ಸ್ಪರ್ಧೆ ನಡೆಸಿದ್ದರು. ಒಮ್ಮೆ ಆಇಶಾ ಗೆದ್ದರು, ಮುಂದೊಮ್ಮೆ ಪ್ರವಾದಿಯವರು(ಸ) ಗೆದ್ದು, 'ಅದಕ್ಕಿದು ಸರಿಹೋಯಿತು' ಎಂಬರ್ಥದಲ್ಲಿ ತಮಾಷೆ ಮಾಡಿದರು. ಅಬೂದಾವೂದ್ ಸಂಗ್ರಹದಲ್ಲಿರುವ ಈ ವರದಿಯನ್ನು ನಮ್ಮ ಉಪನ್ಯಾಸಕರು ದಾಂಪತ್ಯದ ಮಾಧುರ್ಯದ ಕುರಿತ ಭಾಷಣದಲ್ಲಿ ಸೊಗಸಾಗಿ ಹೇಳುತ್ತಾರೆ. ಅದರಲ್ಲಿ ಓರ್ವ ಮಹಿಳೆ ಓಡಿದ್ದಳು, ಗೆದ್ದಿದ್ದಳು ಎಂಬ ಭಾಗ ಮಾತ್ರ ಅದು ಹೇಗೋ ಯಾರ ಕಿವಿಗೂ ಬೀಳುವುದಿಲ್ಲ.

ಉಡುಪಿನ ಪ್ರಶ್ನೆ ನಿಜವಾದ ಪ್ರಶ್ನೆ. ಅದನ್ನು ತಳ್ಳಿಹಾಕಲಾರೆ. ತನ್ನ ನಂಬಿಕೆಗೆ ಒಪ್ಪುವ ಉಡುಪಿನಲ್ಲಿ ಆಡುತ್ತೇನೆ ಎನ್ನುವ ಹುಡುಗಿಗೆ ಹಾಗೆ ಆಡುವ ಹಕ್ಕಿದೆ. ಇಲ್ಲಿ ಆಧುನಿಕರೆನಿಸಿಕೊಂಡವರೂ ಕಡಿಮೆ ಅನ್ಯಾಯ ಮಾಡಿಲ್ಲ. 2011ರಲ್ಲಿ ಇರಾನ್‌ನ ಮಹಿಳಾ ಫುಟ್ಬಾಲ್ ತಂಡವನ್ನು ತಲೆವಸ್ತ್ರದ ಕಾರಣಕ್ಕಾಗಿ ಒಲಿಂಪಿಕ್ ಅರ್ಹತಾ ಪಂದ್ಯದಿಂದ ಹೊರಗಿಡಲಾಯಿತು. ಹುಡುಗಿಯರು ಮೈದಾನದಲ್ಲೇ ಅತ್ತರು. ಫುಟ್ಬಾಲ್‌ನಲ್ಲಿ ಆ ನಿಷೇಧ ಶಾಶ್ವತವಾಗಿ ತೊಲಗಿದ್ದು 2014ರಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ 2017ರಲ್ಲಿ. ಮುಸ್ಲಿಮ್ ಮಹಿಳೆಯನ್ನು ವಿಮೋಚನೆಗೊಳಿಸುತ್ತೇವೆಂದು ಹೊರಟವರೇ ಆಕೆಯನ್ನು ಮೈದಾನದಿಂದ ಹೊರದಬ್ಬಿದ ಈ ವಿಪರ್ಯಾಸವನ್ನು ನಾವು ಬಲವಾಗಿಯೇ ಹೇಳಬೇಕು. ಆದರೆ ಹೊರಗಿನವರು ಬಾಗಿಲು ತೆರೆದ ಬಳಿಕವೂ ನಮ್ಮ ಹುಡುಗಿ ಒಳಗೆ ಹೋಗಲಿಲ್ಲವಲ್ಲ, ಅದಕ್ಕೆ ಯಾರನ್ನು ದೂರುವುದು? ಅಮೆರಿಕದ ಇಬ್ತಿಹಾಜ್ ಮುಹಮ್ಮದ್‌ರ ಹೆತ್ತವರು ಮೈಮುಚ್ಚುವ ಉಡುಪಿನ ಆಟ ಯಾವುದೆಂದು ಹುಡುಕಿದರು, ಕತ್ತಿವರಸೆ ಸಿಕ್ಕಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಹಿಜಾಬ್ ಧರಿಸಿಯೇ ಕಂಚು ಗೆದ್ದ ತಂಡದಲ್ಲಿದ್ದರು. ಮಗಳನ್ನು ಮನೆಯಲ್ಲಿ ಕೂರಿಸಲು ಕಾರಣ ಹುಡುಕುವುದಕ್ಕೂ ಮಗಳು ಆಡಲು ದಾರಿ ಹುಡುಕುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಸೌದಿ ಅರೇಬಿಯಾದ ಸರಕಾರಿ ಶಾಲೆಗಳಲ್ಲೇ ಹುಡುಗಿಯರಿಗೆ ದೈಹಿಕ ಶಿಕ್ಷಣ ಆರಂಭಿಸುವ ತೀರ್ಮಾನ 2017ರಲ್ಲಿ ಹೊರಬಿತ್ತು. ಎಲ್ಲದಕ್ಕೂ ಆ ಕಡೆ ನೋಡುವವರು ಈ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡದ್ದು ಸೋಜಿಗ.

ಸಾನಿಯಾ ಮಿರ್ಝಾರ ವಿಷಯದಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿ. 2005ರಲ್ಲಿ ಆಕೆ ಅಮೆರಿಕನ್ ಓಪನ್‌ನ ನಾಲ್ಕನೇ ಸುತ್ತಿಗೇರಿದಾಗ ಓರ್ವ ಮೌಲವಿ ಆಕೆಯ ಸ್ಕರ್ಟ್ ಕುರಿತು ಹೇಳಿಕೆ ಕೊಟ್ಟರು. ಮಾಧ್ಯಮಗಳಿಗೆ ಅಷ್ಟೇ ಬೇಕಿತ್ತು, ವಾರಗಟ್ಟಲೆ ಅದೇ ಚರ್ಚೆ. ಆ ಗದ್ದಲದಲ್ಲಿ ಯಾರೂ ಗಮನಿಸದೇ ಹೋದ ವ್ಯಕ್ತಿಯೆಂದರೆ ಆಕೆಗೆ ಆಟ ಕಲಿಸಿದ, ಊರೂರಿಗೆ ಕರೆದೊಯ್ದ ತಂದೆ ಇಮ್ರಾನ್ ಮಿರ್ಝಾ. ಹೈದರಾಬಾದ್‌ನ ಓರ್ವ ಮುಸ್ಲಿಮ್ ತಂದೆ ತನ್ನ ಮಗಳಿಗಾಗಿ ಇಷ್ಟೆಲ್ಲ ಮಾಡಬಲ್ಲರೆಂಬುದು ಟಿ.ವಿ. ಚಾನೆಲ್‌ಗಳಿಗೂ ಬೇಕಿರಲಿಲ್ಲ, ಹೇಳಿಕೆ ಕೊಟ್ಟವರಿಗೂ ಬೇಕಿರಲಿಲ್ಲ.

ಇನ್ನೊಂದು ಆತಂಕವಿದೆ. ಅದನ್ನು ಹೆತ್ತವರು ಗಟ್ಟಿಯಾಗಿ ಹೇಳುವುದಿಲ್ಲ, ಪಿಸುಗುಟ್ಟುತ್ತಾರೆ. 'ಕೋಚ್ ಎಂಥವನೋ ಯಾರಿಗೆ ಗೊತ್ತು?' ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರು ಹಿಡಿದು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂರಬೇಕಾಯಿತು. ಎಫ್‌ಐಆರ್ ದಾಖಲಾಗಲು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಒಲಿಂಪಿಕ್ ಪದಕ ಗೆದ್ದವರಿಗೇ ಹೀಗಾದರೆ ತಾಲೂಕಿನ ಹುಡುಗಿಯ ಗತಿಯೇನು ಎಂದು ಓರ್ವ ತಾಯಿ ಕೇಳಿದರೆ ಆಕೆಯನ್ನು ಹಳೆಯ ಕಾಲದವಳೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಈ ಭಯಕ್ಕಿರುವ ಉತ್ತರ ಮಗಳನ್ನು ಒಳಗೆ ಕೂರಿಸುವುದೇ? ಟ್ಯೂಶನ್ ಮಾಸ್ಟರ್‌ರ ಬಗ್ಗೆ ಭಯವಿದ್ದರೆ ನಾವು ಗಣಿತ ಬಿಡಿಸುತ್ತೇವೆಯೇ? ಇಲ್ಲ, ಟೀಚರನ್ನು ಹುಡುಕುತ್ತೇವೆ, ಗುಂಪಿನಲ್ಲಿ ಕಳುಹಿಸುತ್ತೇವೆ, ಬಾಗಿಲು ತೆರೆದಿಡಲು ಹೇಳುತ್ತೇವೆ. ಹುಡುಗಿಯರ ತರಬೇತಿಗೆ ಮಹಿಳಾ ಕೋಚ್ ಇರಲಿ, ಪಂದ್ಯಕ್ಕೆ ಹೊರಟಾಗ ತಾಯಂದಿರಲ್ಲಿ ಇಬ್ಬರು ಜೊತೆಗೆ ಹೋಗಲಿ, ದೂರು ಕೊಡಲು ಶಾಲೆಯಲ್ಲಿ ಹುಡುಗಿಯರಿಗೆ ಗೊತ್ತಿರುವ ಓರ್ವ ವ್ಯಕ್ತಿ ಇರಲಿ. 2012ರಿಂದ ಪೋಕ್ಸೋ ಕಾನೂನಿದೆ, ಅದರ ಹೆಸರು ನಮ್ಮ ಆಡಳಿತ ಮಂಡಳಿಗಳ ಎಷ್ಟು ಸದಸ್ಯರಿಗೆ ಗೊತ್ತು? ಕೆಟ್ಟ ಕೋಚ್‌ಗಳು ಹುಟ್ಟಿಕೊಳ್ಳುವುದೇ ಹೆತ್ತವರು ಮೈದಾನದ ಕಡೆ ತಲೆಹಾಕದ ಊರುಗಳಲ್ಲಿ. ಒಳ್ಳೆಯ ಕೋಚ್‌ಗಳು ಬೇಸತ್ತು ಮನೆಗೆ ಹೋಗುವುದೂ ಅಂತಹ ಊರುಗಳಲ್ಲೇ.

ಮಹಿಳಾ ಕೋಚ್‌ಗಳು ಎಲ್ಲಿದ್ದಾರೆ ಎಂದು ಕೇಳುವವರಿಗೆ ನನ್ನದೂ ಒಂದು ಪ್ರಶ್ನೆಯಿದೆ. ಎಂಟನೇ ತರಗತಿಯಲ್ಲೇ ಹುಡುಗಿಯರನ್ನು ಮರದಡಿಯಲ್ಲಿ ಕೂರಿಸಿದರೆ ಮುಂದೆ ಬಿ.ಪಿ.ಎಡ್. ಮಾಡುವವರು ಯಾರು? ವೈದ್ಯೆ ಬೇಕೆಂದಾಗ ನಾವು ನಮ್ಮ ಹುಡುಗಿಯರನ್ನು ವೈದ್ಯಕೀಯ ಕಾಲೇಜಿಗೆ ಕಳುಹಿಸಿದೆವು. ಕೊಡಗಿನ ಅಶ್ವಿನಿ ನಾಚಪ್ಪ ಓಟ ಬಿಟ್ಟ ಬಳಿಕ ಗೋಣಿಕೊಪ್ಪದಲ್ಲಿ ಆಟಕ್ಕೂ ಪಾಠಕ್ಕೂ ಸಮಾನ ಸ್ಥಾನವಿರುವ ಶಾಲೆ ಕಟ್ಟಿದರು. ಉಷಾ 2002ರಲ್ಲಿ ಕೊಯಿಲಾಂಡಿಯಲ್ಲಿ ಹುಡುಗಿಯರಿಗಾಗಿ ಓಟದ ಶಾಲೆ ತೆರೆದರು. ಆಡಿದವರೇ ಮುಂದೆ ಆಡಿಸುವವರಾಗುತ್ತಾರೆ. ನಂಬಿಯಾರ್ ಕಡಲ ತೀರದಲ್ಲಿ ಬಿತ್ತಿದ್ದು ಒಂದೇ ಬೀಜವನ್ನಲ್ಲ.

ತೆಲಂಗಾಣದ ನಿಜಾಮಾಬಾದ್ ನಮಗೆ ಬಹಳ ದೂರವೇನೂ ಅಲ್ಲ. ನಮ್ಮ ಬೀದರ್, ಕಲಬುರಗಿಗಳಂತೆಯೇ ಹಳೆಯ ಹೈದರಾಬಾದ್ ಸಂಸ್ಥಾನದ ಪಟ್ಟಣ. ಅಲ್ಲಿ ಜಮೀಲ್ ಅಹ್ಮದ್ ಎಂಬವರು ಬಾಕ್ಸಿಂಗ್ ಕಲಿಯಬೇಕೆಂದ ಮಗಳನ್ನು ಸ್ಥಳೀಯ ಕೋಚ್ ಶಂಶಾಮುದ್ದೀನ್‌ರ ಬಳಿಗೆ ಕರೆದೊಯ್ದರು. ಗಂಡು ಮಕ್ಕಳ ನಡುವೆ ಏಕೈಕ ಹುಡುಗಿ. ಮುಖಕ್ಕೆ ಏಟು ಬಿದ್ದರೆ ಮದುವೆ ಹೇಗೆ ಎಂದು ತಾಯಿ ಕಂಗಾಲಾದರು. ಯಾವ ತಾಯಿಗೂ ಸಹಜವೇ. ನೆಂಟರಿಷ್ಟರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಆ ಹುಡುಗಿ ನಿಖತ್ ಝರೀನ್. 2022ರಲ್ಲಿ ಇಸ್ತಾಂಬುಲ್‌ನಲ್ಲೂ 2023ರಲ್ಲಿ ದಿಲ್ಲಿಯಲ್ಲೂ ವಿಶ್ವ ಚಾಂಪಿಯನ್. ಗೆದ್ದು ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ 'ಸಮುದಾಯದ ಹೆಮ್ಮೆ' ಎಂದು ಚಿತ್ರ ಹರಿದಾಡಿತು. ಈ ಹೆಮ್ಮೆಯಲ್ಲಿ ಸಮುದಾಯದ ಪಾಲೇನು? ಒಂದು ಜೊತೆ ಗ್ಲೌಸ್ ಕೊಡಿಸಿತ್ತೇ? ಶಂಶಾಮುದ್ದೀನ್ ಎಂಬ ಹೆಸರನ್ನು ಹೆಮ್ಮೆಪಟ್ಟವರಲ್ಲಿ ಎಷ್ಟು ಮಂದಿ ಕೇಳಿದ್ದರು?

ನಮ್ಮ ಪಟ್ಟಣಗಳಲ್ಲೂ ಅಂಥವರಿದ್ದಾರೆ. ಸಂಬಳವಿಲ್ಲದೆ, ಸಂಜೆ ನಾಲ್ಕೂವರೆಯಿಂದ ಮಗ್ರಿಬ್ ಬಾಂಗ್ ಕೊಡುವವರೆಗೆ ಹುಡುಗಿಯರಿಗೆ ತ್ರೋಬಾಲ್ ಆಡಿಸುವ ಟೀಚರ್‌ಗಳು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗಲು ತನ್ನ ಕಿಸೆಯಿಂದ ಬಸ್ ಬಾಡಿಗೆ ಕೊಡುವ ಮಾಸ್ಟರ್‌ಗಳು. ಹುಡುಗಿಯ ಮನೆಯ ಜಗಲಿಯಲ್ಲಿ ಕೂತು, ಒಂದು ಲೋಟ ಚಹಾ ಕುಡಿದು, 'ಈ ಒಂದು ವರ್ಷ ಮಾತ್ರ ಬಿಡಿ' ಎಂದು ಬೇಡುವವರು. ಅವರಲ್ಲಿ ಹಲವರು ನಮ್ಮ ಧರ್ಮದವರಲ್ಲ. ನಂಬಿಯಾರ್‌ರೂ ಆಗಿರಲಿಲ್ಲ. ಅವರು ಹುಡುಗಿಯ ಕಾಲನ್ನು ನೋಡಿದರು, ಜಾತಿ-ಧರ್ಮವನ್ನಲ್ಲ. ಆದರೆ ಸಂಜೆ ಹುಡುಗಿಯರ ಜೊತೆ ಏನು ಕೆಲಸ ಎಂದು ಅಂಗಡಿ ಜಗಲಿಯಲ್ಲಿ ಕೂತವರು ಆಡುವ ಮಾತಿಗೆ ಅಂಜಿ ಅವರಲ್ಲಿ ಎಷ್ಟೋ ಮಂದಿ ಹಿಂದೆ ಸರಿಯುತ್ತಾರೆ. ನಾವು ಆ ಜಗಲಿಯವರ ಬಾಯಿ ಮುಚ್ಚಿಸುವುದಿಲ್ಲ. ಅವರು ತೀರಿಕೊಂಡ ಮೇಲೆ 'ಬಹಳ ಒಳ್ಳೆಯ ಮನುಷ್ಯ' ಎನ್ನುತ್ತೇವೆ.

ಆಟಕ್ಕೆ ಜಾಗವಿಲ್ಲ, ಹಣವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಪಟ್ಟಣಗಳಲ್ಲಿ ಶಾದಿ ಮಹಲ್‌ಗಳು ಏಳುತ್ತಿರುವ ವೇಗವನ್ನು ನೋಡಿದರೆ ಜಾಗ, ಹಣ ಎರಡರ ಕೊರತೆಯೂ ಕಾಣುವುದಿಲ್ಲ. ಮಹಿಳೆಯರ ಕಬಡ್ಡಿ ಅಂಕಣದ ಉದ್ದ 12 ಮೀಟರ್, ಅಗಲ 8 ಮೀಟರ್. ಶಟ್ಲ್ ಅಂಕಣ ಇನ್ನೂ ಕಿರಿದು: 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಮದುವೆಯಿಲ್ಲದ ದಿನಗಳಲ್ಲಿ ಬಿಕೋ ಎನ್ನುವ ಆ ಸಭಾಂಗಣಗಳ ಒಳಗೆ, ನಾಲ್ಕು ಗೋಡೆಗಳ ನಡುವೆ, ಗಂಡಸರ ಕಣ್ಣೂ ಬೀಳದಂತೆ ಒಂದಲ್ಲ ಎರಡು ಶಟ್ಲ್ ಅಂಕಣ ಹಾಕಬಹುದು. ಪರ್ದಾದ ಬಗ್ಗೆ ಅಷ್ಟು ಕಾಳಜಿಯಿರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ? ಎರಡು ನೆಟ್, ಹತ್ತು ಬ್ಯಾಟ್, ಓರ್ವ ಮಹಿಳಾ ತರಬೇತುದಾರಳಿಗೆ ತಿಂಗಳ ಸಂಬಳ. ಒಂದು ಮದುವೆಯ ವೇದಿಕೆಯ ಹೂವಿನ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಇದೆಲ್ಲ ಹಲವು ತಿಂಗಳು ನಡೆದೀತು.

ಸಮುದಾಯದ ಆಡಳಿತ ಮಂಡಳಿಗಳು ನಡೆಸುವ ಹೆಣ್ಣು ಮಕ್ಕಳ ಶಾಲೆಗಳು ಈಗ ಪ್ರತಿ ಪಟ್ಟಣದಲ್ಲೂ ಇವೆ. ಜೂನ್‌ಗೆ ಮೊದಲು ಸಿಬ್ಬಂದಿ ನೇಮಕದ ಸಭೆ ಸೇರುತ್ತದೆ. ಗಣಿತಕ್ಕೆ ಯಾರು, ಇಂಗ್ಲಿಷಿಗೆ ಯಾರು, ಅರಬಿಗೆ ಯಾರು ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ದೈಹಿಕ ಶಿಕ್ಷಣದ ಸಾಲಿಗೆ ಬಂದಾಗ 'ಆಫೀಸಿನವರೇ ಯಾರಾದರೂ ನೋಡಿಕೊಳ್ಳಲಿ' ಎಂದು ಮುಂದಿನ ವಿಷಯಕ್ಕೆ ಹೋಗಲಾಗುತ್ತದೆ. ನಿಮ್ಮ ಮಗಳು ಓದುವ ಶಾಲೆಯಲ್ಲೂ ಹೀಗೆಯೇ ನಡೆಯುತ್ತಿದೆಯೇ? ಮುಂದಿನ ಹೆತ್ತವರ ಸಭೆಯಲ್ಲಿ ಎದ್ದು ನಿಂತು ಕೇಳಿ. ವಾರಕ್ಕೆ ಎಷ್ಟು ಅವಧಿ, ಕಲಿಸುವವರು ಯಾರು, ಅವರ ಸಂಬಳವೆಷ್ಟು, ಕಳೆದ ವರ್ಷ ಹುಡುಗಿಯರ ತಂಡ ಶಾಲೆಯ ಗೇಟು ದಾಟಿ ಎಲ್ಲಿಗೆ ಹೋಗಿತ್ತು ಎಂಬುದನ್ನು ಕಾರ್ಯದರ್ಶಿಯವರು ಎಲ್ಲರೆದುರು ಓದಿ ಹೇಳಲಿ.